ಉದಾಹರಣೆಗೆ, ಕೇಸರಬಾಯಿ

ಧಾರವಾಡದಲ್ಲಿ ಹುಟ್ಟಿದವನಿಗೆ ಸಂಗೀತದ ಬಗ್ಗೆ ಜಂಬ ಬರಲು ಸಂಗೀತ ಗೊತ್ತಿರಬೇಕೆಂದೇನೂ ಇಲ್ಲ. ಊರಿನ ಹೆಸರೇ ಸಾಕು. ಸವಾಯಿ ಗಂಧರ್ವರ ಕುಂದಗೋಳ, ಗಂಗೂಬಾಯಿ ಹಾನಗಲ್ಲರ ಹುಬ್ಬಳ್ಳಿ, ಮಲ್ಲಿಕಾರ್ಜುನ ಮನಸೂರರ ಮನೆ ‘ಮೃತ್ಯುಂಜಯ’, ಗದಗಿನ ಭೀಮಸೇನ ಜೋಶಿ, ಬಸವರಾಜ ರಾಜಗುರು. ಈ ಹೆಸರುಗಳನ್ನು ಹೊರಗಿನವರ ಎದುರು ಒಂದರ ಹಿಂದೊಂದು ಹೇಳಿ, ಅವರ ಮುಖದಲ್ಲಿ ಮೂಡುವ ಗೌರವವನ್ನು ನನ್ನದೇ ದುಡಿಮೆಯ ಫಲವೆಂಬಂತೆ ಜೇಬಿಗೆ ಹಾಕಿಕೊಂಡು ಬಂದವನು ನಾನು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಸಭೆಗಳಲ್ಲಿ ಮಾತಾಡುವ ಚಟ ಬೇಗ ಬಿಡುವುದಿಲ್ಲ. ಸಂಗೀತೋತ್ಸವದ ಉದ್ಘಾಟನೆ, ಮಹಿಳಾ ದಿನಾಚರಣೆ, ಯಾರದೋ ಪುಣ್ಯತಿಥಿ, ಎಲ್ಲಿ ಕರೆದರೂ ಹೋಗುತ್ತೇನೆ. ಅಂಥ ಭಾಷಣಗಳಲ್ಲಿ ನನಗೆ ಖಾಯಂ ಚಪ್ಪಾಳೆ ತಂದುಕೊಟ್ಟದ್ದು ಗಂಗೂಬಾಯಿಯವರ ಒಂದು ಮಾತು.

ಆ ಮಾತು ಎಲ್ಲರಿಗೂ ಗೊತ್ತಿರುವಂಥದೇ. ಹಾಡುವವನು ಮುಸಲ್ಮಾನ ಗಂಡಸಾದರೆ ಉಸ್ತಾದನಾಗುತ್ತಾನೆ, ಹಿಂದೂ ಗಂಡಸಾದರೆ ಪಂಡಿತನಾಗುತ್ತಾನೆ, ಕೇಸರಬಾಯಿ ಮೋಗೂಬಾಯಿಯಂಥ ಹೆಂಗಸರು ಮಾತ್ರ ಕೊನೆಯವರೆಗೂ ಬಾಯಿಗಳಾಗಿಯೇ ಉಳಿಯುತ್ತಾರೆ ಎಂಬರ್ಥದ್ದು. ಇದನ್ನು ಹೇಳಿ ಒಂದು ಕ್ಷಣ ನಿಲ್ಲಿಸಿದರೆ ಸಭಾಂಗಣದ ಹೆಣ್ಣುಮಕ್ಕಳ ಕಡೆಯಿಂದ ಮೊದಲು ಚಪ್ಪಾಳೆ ಬರುತ್ತದೆ, ಆಮೇಲೆ ಗಂಡಸರು ಸೇರಿಕೊಳ್ಳುತ್ತಾರೆ. ನಾನು ತಲೆ ಬಗ್ಗಿಸಿ ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದೆ. ಮಾತಿನ ಕಸುವು ಗಂಗೂಬಾಯಿಯವರದು, ಚಪ್ಪಾಳೆ ನನ್ನದು. ಆ ಮಾತಿನೊಳಗೆ ಎರಡು ಹೆಸರುಗಳಿವೆಯಲ್ಲ, ಅವು ನನ್ನ ಬಾಯಲ್ಲಿ ಬಂದುಹೋಗುತ್ತಿದ್ದವು ಅಷ್ಟೆ. ಮೋಗೂಬಾಯಿ ಕುರ್ಡೀಕರರ ಬಗ್ಗೆಯಾದರೂ ಕಿಶೋರಿ ಅಮೋಣಕರರ ತಾಯಿ ಎಂಬಷ್ಟು ತಿಳುವಳಿಕೆ ಇತ್ತು. ಕೇಸರಬಾಯಿ ಕೇರಕರರ ದನಿ ಹೇಗಿತ್ತೆಂದು ಯಾರಾದರೂ ಸಭೆಯಲ್ಲೇ ಎದ್ದು ಕೇಳಿದ್ದರೆ ನಾನು ನೀರು ಕುಡಿಯಬೇಕಾಗುತ್ತಿತ್ತು. ಯಾರೂ ಕೇಳಲಿಲ್ಲ. ಕೇಳಬಹುದಾದವರಿಗೂ ನನ್ನಷ್ಟೇ ಗೊತ್ತಿತ್ತೇನೋ.

ಬೆಳಗಾವಿಯ ಶಹಾಪುರದಲ್ಲಿ ನನ್ನ ಸೋದರಮಾವ ಇದ್ದರು. ಜವಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಮಾತು ಅರ್ಧ ಕನ್ನಡ, ಅರ್ಧ ಮರಾಠಿ, ಅದೂ ಕಡಿಮೆ. ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಮನೆ ಮಾರಾಟಕ್ಕೆ ಬಂದಾಗ ಅವರ ಮಗ ಫೋನ್ ಮಾಡಿದ. ‘ಅಪ್ಪನ ತಟ್ಟಿ ಅದಾವ. ನೀ ಒಯ್ತೀಯೋ, ಗುಜರಿಗೆ ಹಾಕ್ಲೋ?’ ಅಂದ. ತಟ್ಟೆ ಅಂದರೆ ಗ್ರಾಮೋಫೋನ್ ರೆಕಾರ್ಡು. ಎಲ್ಲ ಎಪ್ಪತ್ತೆಂಟು ಸುತ್ತಿನವು, ಎರಡು ಟ್ರಂಕಿನ ತುಂಬ. ಹೊತ್ತು ತರುವಾಗ ಅವುಗಳ ಭಾರ ಗೊತ್ತಾಯಿತು. ಇವು ಪ್ಲಾಸ್ಟಿಕ್ಕಿನವಲ್ಲ. ಕಲ್ಲಿನ ಪುಡಿಗೆ ಅರಗು ಬೆರೆಸಿ ಒತ್ತಿದವು. ಬಿಹಾರ, ಝಾರ್ಖಂಡದ ಕಾಡಿನ ಮರಗಳಲ್ಲಿ ಹುಳ ಕಟ್ಟುವ ಅರಗು. ದುರ್ಯೋಧನ ಪಾಂಡವರಿಗೆ ಮನೆ ಕಟ್ಟಿಸಿದ್ದೂ ಅದರಲ್ಲೇ. ಕೈ ಜಾರಿದರೆ ಹಂಚಿನಂತೆ ಒಡೆಯುತ್ತವೆ. ತರುವ ದಾರಿಯಲ್ಲೇ ಒಂದು ಒಡೆಯಿತು. ಪುಣ್ಯಕ್ಕೆ ಅದು ಯಾವುದೋ ನಾಟಕದ ಹಾಸ್ಯ ಪ್ರಸಂಗ.

ನನ್ನಲ್ಲಿದ್ದ ಪ್ಲೇಯರು ಎಲ್‌ಪಿಗಳದು. ಅದರ ಮುಳ್ಳು ಈ ರೆಕಾರ್ಡುಗಳಿಗೆ ಆಗಿಬರುವುದಿಲ್ಲ. ಎಪ್ಪತ್ತೆಂಟರ ಗೆರೆ ಅಗಲ. ಎಲ್‌ಪಿಯ ಚೂಪು ಮುಳ್ಳು ಗೆರೆಯ ತಳಕ್ಕಿಳಿದು ಅಲ್ಲಿರುವ ಕಸವನ್ನೆಲ್ಲ ಕೆದಕಿ ಕೇಳಿಸುತ್ತದೆ. ಹುಬ್ಬಳ್ಳಿಯಲ್ಲಿ ರೇಡಿಯೋ ರಿಪೇರಿ ಮಾಡುವ ಒಬ್ಬ ಹಿರಿಯರು ಅಗಲ ಮುಳ್ಳಿನ ಹಳೆಯ ಯಂತ್ರವೊಂದನ್ನು ಹೊಂದಿಸಿಕೊಟ್ಟರು. ರೆಕಾರ್ಡುಗಳನ್ನು ಒಮ್ಮೆ ನೋಡಲೆಂದು ಬಂದವರು ಹಾಡು ಕೇಳುವ ಮೊದಲೇ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ‘ನಿಮ್ಮ ಮಾವಗ ಯಾವುದು ಸೇರ್ತಿತ್ತು ಅಂತ ಇಲ್ಲೇ ಬರದದ ನೋಡ್ರಿ’ ಅಂದರು.

ಬರೆದದ್ದೇನೂ ಇರಲಿಲ್ಲ. ಉಕ್ಕಿನ ಮುಳ್ಳು ಮತ್ತೆ ಮತ್ತೆ ಓಡಿದ ಕಡೆ ಅರಗಿನ ಕಪ್ಪು ಹೊಳಪು ಹೋಗಿ ಬೂದಿ ಬಣ್ಣ ಬರುತ್ತದೆ. ಅದರಲ್ಲೂ ದನಿ ಎಲ್ಲಿ ಗಟ್ಟಿಯಾಗಿದೆಯೋ ಅಲ್ಲಿ. ನಮ್ಮ ಮನೆಗಳಲ್ಲಿ ಹೆಸರೆತ್ತಿದರೆ ಕಿವಿ ಮುಟ್ಟಿಕೊಳ್ಳುತ್ತಿದ್ದ, ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ರೆಕಾರ್ಡುಗಳು ಅಂಗಡಿಯಿಂದ ಈಗ ತಂದಂತೆ ಕಪ್ಪಗೆ ಮಿಂಚುತ್ತಿದ್ದವು. ಬಾಲಗಂಧರ್ವರವು ಅಲ್ಲಲ್ಲಿ ಸವೆದಿದ್ದವು. ಪೂರ್ತಿ ಬೂದಿಯಾಗಿದ್ದವು ಬೇರೊಬ್ಬರವು. ಲೇಬಲ್ಲಿನ ಮೇಲೆ ಕೇಸರಬಾಯಿ ಕೇರಕರ್ ಎಂದಿತ್ತು.

ಮಾವನ ಬಾಯಿಂದ ಆ ಹೆಸರು ಒಮ್ಮೆಯೂ ಬಂದದ್ದು ನನಗೆ ನೆನಪಿಲ್ಲ. ನೆಂಟರು ಕೂಡಿದಾಗ ಕಿರಾಣಾ ಘರಾಣೆಯ ಗುಣಗಾನ ನಡೆದರೆ ಅವರೂ ತಲೆಯಾಡಿಸುತ್ತ ಕೂತಿರುತ್ತಿದ್ದರು. ಮೀರಜದ ಉರುಸಿಗೆ ಎಲ್ಲರ ಜೊತೆ ಹೋಗುತ್ತಿದ್ದರು. ಒಬ್ಬರೇ ಇದ್ದಾಗ ಹಚ್ಚುತ್ತಿದ್ದದ್ದು ಈ ಕೇಸರಬಾಯಿಯನ್ನು.

ಮೊದಲು ಹಾಕಿದ್ದು ಲಲಿತಾ ಗೌರಿ. ನನಗೆ ಹಿಡಿಸಲಿಲ್ಲ. ರೆಕಾರ್ಡು ಸವೆದದ್ದರಿಂದ ಕರಕರ ಸದ್ದು ಬೇರೆ. ಅದರ ಹಿಂದಿನಿಂದ ಬಂದ ದನಿಯಲ್ಲಿ ನಾನು ಹೆಣ್ಣು ಕಂಠದಿಂದ ಬಯಸುವ ಯಾವುದೂ ಇರಲಿಲ್ಲ. ಇನಿದನಿಯಲ್ಲ. ಕಿರಾಣಾದವರು ಒಂದು ಸ್ವರವನ್ನು ಮೆಲ್ಲಗೆ ಕರೆದು, ಹತ್ತಿರ ಕೂರಿಸಿಕೊಂಡು, ಮೈದಡವಿ ಮುಂದೆ ಹೋಗುತ್ತಾರಲ್ಲ, ಆ ಉಪಚಾರವಿಲ್ಲ. ಬಾಯಿ ಪೂರ್ತಿ ತೆರೆದ ‘ಆ’ಕಾರ. ಮೇಲಿನ ಷಡ್ಜಕ್ಕೆ ಹೋದಾಗಲೂ ದನಿ ತೆಳುವಾಗುವುದಿಲ್ಲ, ಕೆಳಗಿಳಿದಾಗಲೂ ಮಂಕಾಗುವುದಿಲ್ಲ. ಎಪ್ಪತ್ತೆಂಟು ಸುತ್ತಿನ ರೆಕಾರ್ಡಿನ ಒಂದು ಮಗ್ಗುಲೆಂದರೆ ಮೂರು, ಮೂರೂವರೆ ನಿಮಿಷ. ಆಗಿನ ಬಹಳ ಮಂದಿ ಅಷ್ಟರೊಳಗೆ ಒಂದು ಪುಟ್ಟ ಕಚೇರಿ ಕಟ್ಟಲು ಹೆಣಗಿದ್ದು ಕೇಳಿದರೆ ಗೊತ್ತಾಗುತ್ತದೆ: ಚೂರು ಆಲಾಪ, ಚೂರು ಚೀಜು, ಕೊನೆಗೆ ಅವಸರದ ನಾಲ್ಕು ತಾನು. ಕೇಸರಬಾಯಿ ಆ ಗೋಜಿಗೇ ಹೋಗಿಲ್ಲ. ಒಂದು ಗಂಟೆಯಿಂದ ಹಾಡುತ್ತಲೇ ಇದ್ದವರು, ನಡುವೆ ಯಾರೋ ಬಾಗಿಲು ತೆರೆದದ್ದರಿಂದ ನಮಗೆ ಕೇಳಿಸಿತು, ಮತ್ತೆ ಬಾಗಿಲು ಮುಚ್ಚಿತು, ಅವರು ಒಳಗೆ ಹಾಡುತ್ತಲೇ ಇದ್ದಾರೆ ಅನ್ನುವ ಹಾಗೆ ಆ ಮೂರು ನಿಮಿಷ. ಕೇಳುವವನು ಬಂದನೋ ಹೋದನೋ ಅವರಿಗೆ ಸಂಬಂಧವಿಲ್ಲ.

ನನಗೆ ಹತ್ತಿದ ಸಿಟ್ಟು ಅದಕ್ಕೇ ಇರಬೇಕು. ಆದರೆ ರೆಕಾರ್ಡನ್ನು ತೆಗೆದಿಡಲೂ ಆಗಲಿಲ್ಲ. ತಾನುಗಳು ಎಲ್ಲಿಗೆ ಹೋಗಿ ಎಲ್ಲಿ ತಿರುಗುತ್ತವೆಂದು ತಿಳಿಯುತ್ತಿರಲಿಲ್ಲ. ಏರಿಕೆ ನೆಟ್ಟಗಿರುವುದಿಲ್ಲ, ಎರಡು ಸ್ವರ ಮೇಲೆ, ಒಂದು ಕೆಳಗೆ, ಇನ್ನೊಂದು ಬದಿಗೆ, ಮತ್ತೆ ಮೇಲೆ. ಇಲಕಲ್ಲಿನ ಮಗ್ಗದಲ್ಲಿ ಲಾಳಿ ಓಡಾಡುವುದನ್ನು ನೋಡಿದವರಿಗೆ ಆ ಚಲನೆ ಅರ್ಥವಾದೀತು, ಅತ್ತಿತ್ತ ಎಷ್ಟು ಓಡಿದರೂ ನೂಲು ಹರಿಯುವುದಿಲ್ಲ. ಇಲ್ಲಿ ಉಸಿರು ಬಿಡುತ್ತಾರೆ ಅಂದುಕೊಂಡ ಕಡೆ ಬಿಡುವುದಿಲ್ಲ. ಉಸಿರು ಮುಗಿಯಿತೆಂದು ನಮಗೇ ಎದೆ ಬಿಗಿದಾಗ ಇನ್ನೊಂದು ಸುತ್ತು ಹಾಕಿ, ಸಮಕ್ಕೆ ಅಪ್ಪಳಿಸದೆ, ತಮ್ಮ ಮನೆಯ ಹೊಸ್ತಿಲು ದಾಟುವಷ್ಟು ಸಲೀಸಾಗಿ ಬಂದು ನಿಲ್ಲುತ್ತಾರೆ. ನಟ್ ಕಾಮೋದ್ ಇದಕ್ಕಿಂತ ಗಟ್ಟಿ. ಮಾಲಕಂಸದ ರೆಕಾರ್ಡಿನಲ್ಲಿ ಅಷ್ಟು ಗಂಭೀರವಾದ ರಾಗವೂ ಎಲ್ಲೂ ಕುಸಿದು ಕೂರುವುದಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ನಾನು ಮನಸೂರರ ಭಕ್ತ. ಅವರ ಲಲಿತಾ ಗೌರಿ ಕೇಳಿ ರಾತ್ರಿ ನಿದ್ದೆಗೆಟ್ಟವನು. ಆ ಸುಳಿಸುಳಿಯಾದ ತಾನು, ಆ ಉಸಿರಿನ ಕಟ್ಟು, ಅಪರೂಪದ ಜೋಡು ರಾಗಗಳ ಮೇಲಿನ ಆ ಹಿಡಿತ ಇವೆಲ್ಲ ಮನಸೂರರಿಗೆ ಮಾತ್ರ ಸಿದ್ಧಿಸಿದವೆಂದೂ, ಅದರಲ್ಲಿ ಧಾರವಾಡದ ಮಣ್ಣಿನ ಪಾಲೂ ಇದೆಯೆಂದೂ ಭಾಷಣ ಮಾಡಿದ್ದೇನೆ. ಮನಸೂರರು ಕಲಿತದ್ದು ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ್ ಮತ್ತು ಬುರ್ಜಿಖಾನರ ಬಳಿ. ಕೇಸರಬಾಯಿ ಕಲಿತದ್ದು ನೇರ ಅಲ್ಲಾದಿಯಾ ಖಾನರ ಬಳಿಯೇ, 1921ರಿಂದ ಅವರು 1946ರಲ್ಲಿ ತೀರಿಕೊಳ್ಳುವವರೆಗೆ. ಇದೆಲ್ಲ ನನಗೆ ಗೊತ್ತಿದ್ದ ಸಂಗತಿಯೇ, ಮನಸೂರರ ಆತ್ಮಕಥೆ ‘ನನ್ನ ರಸಯಾತ್ರೆ’ ಓದಿದ್ದೆ. ಓದಿದ್ದು ಕಿವಿಗೆ ಮುಟ್ಟಿರಲಿಲ್ಲ. ಅದೇ ವಿದ್ಯೆ ಗಂಡಸಿನ ಕಂಠದಲ್ಲಿ ಬಂದಾಗ ಅನುಭಾವ ಎಂದವನಿಗೆ, ಹೆಂಗಸಿನ ಕಂಠದಲ್ಲಿ ಕೇಳಿದೊಡನೆ ತೋರಿದ್ದು ದರ್ಪ. ಕಿವಿಗೆ ಲಿಂಗಭೇದವಿಲ್ಲ ಎಂದು ನಂಬಿದ್ದೆ. ಇದ್ದದ್ದು ಕಿವಿಯಲ್ಲೇ.

ಕೇಸರಬಾಯಿಯವರ ಬದುಕನ್ನು ಹುಡುಕಿ ಓದತೊಡಗಿದ್ದು ಆಮೇಲೆ. ಗೋವೆಯ ಫೋಂಡಾ ತಾಲ್ಲೂಕಿನ ಕೇರಿ ಎಂಬ ಹಳ್ಳಿಯಲ್ಲಿ 1892ರಲ್ಲಿ, ದೇವಸ್ಥಾನಕ್ಕೆ ಹಾಡುವ ಕುಣಿಯುವ ಕಲಾವಂತ ಮನೆತನದಲ್ಲಿ ಹುಟ್ಟಿದವರು. ಆಗ ಗೋವೆ ಪೋರ್ಚುಗೀಸರದು. ಎಂಟು ವರ್ಷದ ಹುಡುಗಿ ಕೊಲ್ಲಾಪುರದಲ್ಲಿ ಕೆಲವು ತಿಂಗಳು ಪಾಠ ಹೇಳಿಸಿಕೊಂಡದ್ದು ಯಾರ ಬಳಿ? ನಮ್ಮ ಅಬ್ದುಲ್ ಕರೀಂ ಖಾನರ ಬಳಿಯೇ. ನಾನು ಯಾವ ಘರಾಣೆಯ ಹೆಸರಲ್ಲಿ ಇವರಿಗೆ ಬಾಗಿಲು ಹಾಕಿದ್ದೆನೋ ಆ ಮನೆಯ ಅಂಗಳದಲ್ಲೇ ಇವರ ಮೊದಲ ಸರಿಗಮ. ಮುಂದೆ ರಾಮಕೃಷ್ಣಬುವಾ ವಝೆ, ಸಿತಾರದ ಬರಕತುಲ್ಲಾ ಖಾನ್, ಭಾಸ್ಕರಬುವಾ ಬಖಲೆ. ಈ ಬಖಲೆಯವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಶಿಕ್ಷಕರಾಗಿದ್ದವರು. ಯಾರ ಪಾಠವೂ ನೆಲೆ ನಿಲ್ಲಲಿಲ್ಲ. ಗುರುಗಳು ಊರು ಬಿಡುತ್ತಿದ್ದರು, ಇಲ್ಲವೇ ಪಾಠ ತಪ್ಪುತ್ತಿತ್ತು. ಅಲ್ಲಾದಿಯಾ ಖಾನರ ಬಳಿ ಕೂರುವ ಹೊತ್ತಿಗೆ ಇವರಿಗೆ ವಯಸ್ಸು ಇಪ್ಪತ್ತೆಂಟರ ಮೇಲೆ. ಮುಂಬಯಿಯಲ್ಲಿ ಆಗಲೇ ಹಾಡಿ ಹೆಸರು ಮಾಡಿದ್ದ ಹೆಂಗಸು, ಕಲಿತದ್ದನ್ನೆಲ್ಲ ಬದಿಗಿಟ್ಟು ಮತ್ತೆ ಷಡ್ಜದಿಂದ ಶುರುಮಾಡಿದರು. ಖಾನ್‌ಸಾಹೇಬರು ಸುಲಭಕ್ಕೆ ಒಪ್ಪಿದವರಲ್ಲ. ಭಾರಿ ಷರತ್ತು ಹಾಕಿದರು, ಇವರು ಎಲ್ಲಕ್ಕೂ ಹೂಂ ಅಂದರು. ನನ್ನಂಥವರು ಕೇಳಿ ಸೊಕ್ಕು ಎನ್ನುವ ಆ ದನಿಯ ಹಿಂದೆ ಒಬ್ಬನೇ ಗುರುವಿನ ಎದುರು ಕಾಲು ಶತಮಾನ ಕೂತ ದುಡಿಮೆ ಇದೆ.

ಸೊಕ್ಕಿನ ಕಥೆಗಳೇನೂ ಸುಳ್ಳಲ್ಲ. ಕೇಸರಬಾಯಿ ಮಾತಿನಲ್ಲಿ ಯಾರಿಗೂ ರಿಯಾಯಿತಿ ಕೊಟ್ಟವರಲ್ಲ. ಹಿಡಿಸದ ಹಾಡನ್ನು ಹಿಡಿಸಲಿಲ್ಲ ಎಂದು ಮುಖದ ಮೇಲೇ ಹೇಳುತ್ತಿದ್ದರು. ಕೈತುಂಬ ಸಂಭಾವನೆ ಕೇಳುತ್ತಿದ್ದರು. ಆಕಾಶವಾಣಿಗೆ ಹಾಡಲಿಲ್ಲ. ಎಚ್‌ಎಂವಿಗೂ ಬ್ರಾಡ್‌ಕಾಸ್ಟ್ ಕಂಪನಿಗೂ ಒಂದಿಷ್ಟು ರೆಕಾರ್ಡು ಕೊಟ್ಟು, ಆಮೇಲೆ ಅದೂ ಬೇಡವೆಂದರು. ಕಚೇರಿಯಲ್ಲಿ ಯಾರಾದರೂ ಕದ್ದು ಧ್ವನಿಮುದ್ರಣ ಮಾಡುತ್ತಾರೆಂದು ಕಣ್ಣಿಟ್ಟಿರುತ್ತಿದ್ದರಂತೆ. ದನಿ ಮೊದಲಿನಂತಿಲ್ಲ ಅನ್ನಿಸಿದಾಗ, 1960ರ ದಶಕದ ಮೊದಲರ್ಧದಲ್ಲೇ, ಸಾರ್ವಜನಿಕ ಕಚೇರಿ ನಿಲ್ಲಿಸಿಬಿಟ್ಟರು. 1969ರಲ್ಲಿ ಪದ್ಮಭೂಷಣ ಬಂತು. ಮತ್ತೆ ವೇದಿಕೆ ಏರಲು ಅದೂ ನೆಪವಾಗಲಿಲ್ಲ. ಮನಸ್ಸಿಟ್ಟು ತಯಾರು ಮಾಡಿದ ಶಿಷ್ಯೆಯೆಂದರೆ ಧೋಂಡುತಾಯಿ ಕುಲಕರ್ಣಿಯವರೊಬ್ಬರೇ. ಆ ಧೋಂಡುತಾಯಿಯವರ ಶಿಷ್ಯೆ ನಮಿತಾ ದೇವಿದಯಾಳ್ 2007ರಲ್ಲಿ ಬರೆದ ‘ದಿ ಮ್ಯೂಸಿಕ್ ರೂಮ್’ ಎಂಬ ಇಂಗ್ಲಿಷ್ ಪುಸ್ತಕದಲ್ಲಿ ಈ ಗುರು-ಶಿಷ್ಯೆಯರ ಕಥೆ ವಿವರವಾಗಿ ಬರುತ್ತದೆ.

ಇದನ್ನು ಓದುವಾಗ ನನ್ನೊಳಗೆ ಏನಾಯಿತೆಂದು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ. ನನಗೆ ಅವಮಾನವಾಯಿತು. ನನಗೂ ಅವರಿಗೂ ಯಾವ ಸಂಬಂಧವೂ ಇಲ್ಲ, ಅವರು ಕಚೇರಿ ನಿಲ್ಲಿಸಿದಾಗ ನಾನು ಚಡ್ಡಿ ಹಾಕುತ್ತಿದ್ದ ಹುಡುಗ. ಆದರೂ ಟೇಪಿಗೆ ಹಾಡುವುದಿಲ್ಲ ಅಂದದ್ದು, ರೇಡಿಯೋ ಬೇಡ ಅಂದದ್ದು, ಸಿಕ್ಕಸಿಕ್ಕವರಿಗೆ ಕಲಿಸುವುದಿಲ್ಲ ಅಂದದ್ದು ನನಗೇ ಅಂದ ಹಾಗೆ ಚುಚ್ಚಿತು. ಸಂಗೀತ ನನಗೆ ಸಲ್ಲಬೇಕಾದ ಬಾಕಿ ಎಂಬಂತೆ ಬದುಕಿದ್ದೆ. ನಾನು ರಸಿಕ, ಕಲಾವಿದರು ಕೊಡುವವರು. ಅವರು ಬಡತನದಲ್ಲಿ ಕಲಿಯಬೇಕು, ಮಳೆಯಲ್ಲಿ ನೆನೆದು ಗುರುವಿನ ಮನೆ ತಲುಪಬೇಕು, ಮನಸ್ಸು ಬಿಚ್ಚಿ ಹಾಡಬೇಕು, ಕೊನೆಗೆ ಎಲ್ಲ ನಿಮ್ಮ ಆಶೀರ್ವಾದ ಎಂದು ನನ್ನಂಥವರಿಗೆ ಕೈಮುಗಿಯಬೇಕು. ಈ ಕರಾರಿಗೆ ರುಜು ಹಾಕದ ಕಲಾವಿದೆ ನನಗೆ ಕಂಡಿರಲಿಲ್ಲ.

ಗಂಗೂಬಾಯಿಯವರನ್ನು ನಾವು ಪ್ರೀತಿಸಿದ ರೀತಿಯಲ್ಲೂ ಈ ಕರಾರು ಇತ್ತೆಂದು ಈಗ ಅನ್ನಿಸುತ್ತದೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡದ್ದು, ಧಾರವಾಡದ ಓಣಿಗಳಲ್ಲಿ ಹಾಡುವವಳು ಬಂದಳೆಂದು ಹಂಗಿಸಿಕೊಂಡದ್ದು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲು ಹೋದ ಹುಡುಗಿ ಊಟದ ಪಂಕ್ತಿಯಲ್ಲಿ ಜಾತಿಯ ಕಾರಣಕ್ಕೆ ಹೆದರಿ ಕೂತದ್ದು. ಈ ಕಥೆಗಳನ್ನು ಹೇಳುವಾಗ ನಮ್ಮ ಕಣ್ಣುಗಳು ಒದ್ದೆಯಾಗುತ್ತವೆ. ಹಂಗಿಸಿದವರು ನಮ್ಮ ಅಜ್ಜಂದಿರೇ ಎಂಬುದು ಮಾತ್ರ ಆ ಹೊತ್ತಿಗೆ ನೆನಪಾಗುವುದಿಲ್ಲ. ಅವರ ನೋವು ನಮಗೆ ಅಷ್ಟು ಪ್ರಿಯವಾಗಿದ್ದರಿಂದ ಅವರ ನಿಷ್ಠುರ ಮಾತನ್ನೂ ಒಂದು ಸುಭಾಷಿತ ಮಾಡಿಕೊಂಡೆವು. ಪಂಡಿತ, ಉಸ್ತಾದ, ಬಾಯಿ ಎಂಬ ಆ ಮಾತು ಚಪ್ಪಾಳೆಗೆಂದು ಆಡಿದ್ದಲ್ಲ. ಎದುರಿಗೆ ಕೂತವರಿಗೇ ಹಾಕಿದ ಪ್ರಶ್ನೆ ಅದು. ಅದನ್ನು ಹೇಳುವಾಗ ಅವರು ತಮ್ಮನ್ನು ಮುಂದಿಡದೆ ಬೇರೆ ಘರಾಣೆಯ ಇಬ್ಬರು ಹೆಂಗಸರ ಹೆಸರೆತ್ತಿದರು. ಅವರಿಗೆ ಕೇಸರಬಾಯಿಯ ಗಾತ್ರ ಗೊತ್ತಿತ್ತು. ನಾನು ಆ ಹೆಸರನ್ನು ಪ್ರಾಸಕ್ಕೆ ಬಳಸಿದೆ.

ಗಂಡಸರಲ್ಲಿ ಇದೇ ಸ್ವಭಾವ ಕಂಡಾಗ ಏನು ಮಾಡಿದ್ದೇನೆ? ತಂಬೂರಿ ಶ್ರುತಿಗೆ ನಿಲ್ಲಲಿಲ್ಲವೆಂದು ಕಚೇರಿ ಬಿಟ್ಟು ಎದ್ದುಹೋದ ಗವಾಯಿಗಳ ಕಥೆ, ಸಂಸ್ಥಾನಿಕರನ್ನು ಬಾಗಿಲಲ್ಲಿ ಕಾಯಿಸಿದ ಖಾನ್‌ಸಾಹೇಬರ ಕಥೆ, ಶಿಷ್ಯನ ಕೆನ್ನೆಗೆ ಹೊಡೆದು ಸ್ವರ ತಿದ್ದಿದ ಬುವಾಗಳ ಕಥೆ. ಇಂಥವನ್ನು ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಎಷ್ಟು ರಸವತ್ತಾಗಿ ಹೇಳಿದ್ದೇನೆ! ಅವೆಲ್ಲ ಕಲೆಯ ಗತ್ತು. ಹಿಂದೂಸ್ತಾನಿ ಸಂಗೀತದ ಬಗ್ಗೆ ನಾನು ಕಲಿತದ್ದರಲ್ಲಿ ಅರ್ಧ ಇಂಥ ಹರಟೆಯೇ. ಆ ಹರಟೆಯಲ್ಲಿ ಹೆಂಗಸರಿಗೆ ಮೀಸಲಿಟ್ಟ ಜಾಗ ತ್ಯಾಗದ್ದು.

ಇಷ್ಟು ಹೇಳಿ ಕೇಸರಬಾಯಿಯನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತಲೂ ಮನಸ್ಸಿಲ್ಲ. ಮೋಗೂಬಾಯಿಯವರಿಗೆ ಅದೇ ಗುರುವಿನ ಪಾಠ ಸಿಗದಂತೆ ಬಹಳ ಕಾಲ ತಡೆಯುಂಟಾಯಿತು. ಗುರುವಿನ ತಮ್ಮ ಹೈದರ್ ಖಾನರು ಕಲಿಸುತ್ತಿದ್ದದ್ದೂ ನಿಂತಿತು. ಇದರ ಹಿಂದೆ ಕೇಸರಬಾಯಿ ಮತ್ತು ಅವರ ಪೋಷಕರ ಒತ್ತಡ ಇತ್ತೆಂದು ಬರೆದವರು ಬಹಳ ಮಂದಿ. ಅದು ನಿಜವಾದರೆ ಸಣ್ಣತನವೇ. ಅದಕ್ಕೆ ನಾನು ಸಮಜಾಯಿಷಿ ಹುಡುಕುವುದಿಲ್ಲ. ದೊಡ್ಡ ಹಾಡುಗಾರ್ತಿ ದೊಡ್ಡ ಮನುಷ್ಯಳೂ ಆಗಿರಬೇಕು ಎಂಬ ಕರಾರನ್ನು ಮಾತ್ರ ಈಗ ಹರಿದುಹಾಕಿದ್ದೇನೆ. ಇನ್ನೊಂದು ಮಾತು. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಆಕಾಶವಾಣಿಯೇ ಎಂಥ ಮನೆಗಳ ಹೆಂಗಸರಿಗೆ ಹಾಡಲು ಬಿಡಬೇಕು, ಎಂಥವರಿಗೆ ಬಿಡಬಾರದು ಎಂದು ಸೋಸಲು ಕೂತಿತ್ತು. ಖಾಸಗಿ ಬದುಕಿನ ಬಗ್ಗೆ ಲೋಕಾಪವಾದವಿದ್ದವರು ಬೇಡ ಎಂಬುದು ಆಗಿನ ಸರಕಾರದ ನಿಲುವು. ಕೇಸರಬಾಯಿ ರೇಡಿಯೋ ಒಲ್ಲೆನೆಂದದ್ದಕ್ಕೂ ಇದಕ್ಕೂ ಗಂಟು ಹಾಕಲು ನನ್ನಲ್ಲಿ ಆಧಾರವಿಲ್ಲ. ಆದರೆ ಕಲಾವಂತರ ಮನೆಯಲ್ಲಿ ಹುಟ್ಟಿದ ಹೆಂಗಸು, ಯಾರು ಎಲ್ಲಿ ಎಷ್ಟಕ್ಕೆ ತನ್ನ ಹಾಡು ಕೇಳಬೇಕೆಂದು ತಾನೇ ನಿರ್ಧರಿಸಿದ್ದನ್ನು ಜಂಬ ಎನ್ನುವ ಮೊದಲು, ಅಂಥ ಮನೆಗಳಲ್ಲಿ ಅದನ್ನು ಯಾರು ನಿರ್ಧರಿಸುತ್ತ ಬಂದಿದ್ದರೆಂದು ಕೇಳಿಕೊಳ್ಳಬೇಕಿತ್ತು.

ಕೇಸರಬಾಯಿ ಎಂದೊಡನೆ ಈಗಿನವರಿಗೆ ನೆನಪಾಗುವುದು ಬಾಹ್ಯಾಕಾಶ. 1977ರಲ್ಲಿ ಅಮೆರಿಕದ ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ತಾಮ್ರದ ರೆಕಾರ್ಡು ಇಟ್ಟು ಕಳಿಸಿದರಲ್ಲ, ಅದರಲ್ಲಿರುವ ಇಪ್ಪತ್ತೇಳು ಸಂಗೀತದ ತುಣುಕುಗಳಲ್ಲಿ ಭಾರತದ್ದು ಒಂದೇ, ಇವರ ಭೈರವಿ, ‘ಜಾತ ಕಹಾಂ ಹೋ’. ಎಪ್ಪತ್ತೆಂಟು ಸುತ್ತಿನ ಒಂದೇ ಮಗ್ಗುಲು, ಮೂರೂವರೆ ನಿಮಿಷ. ರಾಬರ್ಟ್ ಬ್ರೌನ್ ಎಂಬ ಸಂಗೀತ ವಿದ್ವಾಂಸರು ಇದನ್ನೇ ಹಾಕಬೇಕೆಂದು ಕಾರ್ಲ್ ಸೇಗನ್‌ರ ತಂಡಕ್ಕೆ ಹೇಳಿದರು. ರೆಕಾರ್ಡು ಎಲ್ಲೂ ಸಿಗದೆ, ತಂಡದ ಆನ್ ಡ್ರುಯನ್ ಹುಡುಕಿ ಹುಡುಕಿದ ಮೇಲೆ, ಕೊನೆಗೆ ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಭಾರತೀಯ ಕುಟುಂಬವೊಂದರ ಗೃಹೋಪಯೋಗಿ ಸಾಮಾನಿನ ಅಂಗಡಿಯಲ್ಲಿ, ಮೇಜಿನಡಿ ಇದ್ದ ರಟ್ಟಿನ ಪೆಟ್ಟಿಗೆಯೊಳಗೆ ಸಿಕ್ಕಿತು. ಎರಡನೆಯ ನೌಕೆ ಹಾರಿದ್ದು ಸೆಪ್ಟೆಂಬರ್ 5ರಂದು. ಕೇಸರಬಾಯಿ ತೀರಿಕೊಂಡದ್ದು ಅದೇ ತಿಂಗಳ 16ರಂದು. ಅದೇ ಚಿನ್ನದ ತಟ್ಟೆಯಲ್ಲಿ ಐವತ್ತೈದು ಭಾಷೆಗಳ ಶುಭಾಶಯಗಳಿವೆ, ಕನ್ನಡದ್ದೂ ಇದೆ.

ಕಥೆ ಎಷ್ಟು ಚೆನ್ನಾಗಿದೆ! ಟೇಪ್ ರೆಕಾರ್ಡರ್ ಹತ್ತಿರ ಸೇರಿಸದ ಹೆಂಗಸಿನ ದನಿ ನಕ್ಷತ್ರಗಳ ನಡುವಿನ ಬಾಹ್ಯಾಕಾಶಕ್ಕೆ ಹೋಯಿತು. ಇದನ್ನು ತಿಳಿದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಮುಂದಿನ ಭಾಷಣದಲ್ಲಿ ಇದನ್ನು ಹೇಳಿದ್ದು. ಚಪ್ಪಾಳೆ ಬಂತು. ಹಳೆಯ ಚಪ್ಪಾಳೆಗಿಂತ ಜೋರಾಗಿಯೇ ಬಂತು. ಸಭೆ ಮುಗಿದ ಮೇಲೆ ಒಬ್ಬ ಹುಡುಗಿ, ಸಂಗೀತ ಕಲಿಯುತ್ತಿರುವವಳು, ಹತ್ತಿರ ಬಂದು, ‘ಸರ್, ಆ ಭೈರವಿ ಬಿಟ್ಟು ಅವರ ಬ್ಯಾರೆ ಯಾವುದು ಕೇಳಬೇಕ್ರಿ?’ ಅಂದಳು. ಆಕೆಗೆ ನೌಕೆಯ ಕಥೆಯಲ್ಲಿ ಅಂಥ ಆಸಕ್ತಿ ಇದ್ದಂತೆ ಕಾಣಲಿಲ್ಲ. ಅದು ಯೂಟ್ಯೂಬಿನಲ್ಲಿ ಎಲ್ಲರಿಗೂ ಗೊತ್ತು ಅಂದಳು. ನಾನು ಲಲಿತಾ ಗೌರಿ, ನಟ್ ಕಾಮೋದ್ ಅಂದೆ. ಮನೆಗೆ ಕರೆದು ಮಾವನ ರೆಕಾರ್ಡನ್ನೇ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಲಿಲ್ಲ, ವಾಹ್ ವಾಹ್ ಅನ್ನಲಿಲ್ಲ. ತೊಡೆಯ ಮೇಲೆ ತಾಳ ಹಾಕಿ ಲೆಕ್ಕ ಹಿಡಿಯುತ್ತ ಕೂತಳು, ಮುಗಿದ ಮೇಲೆ ಇನ್ನೊಮ್ಮೆ ಹಚ್ಚಿರಿ ಅಂದಳು. ದನಿಯ ಗಡಸಿನ ಬಗ್ಗೆ ಅವಳು ಏನೂ ಹೇಳಲಿಲ್ಲ. ಅವಳಿಗೆ ಅದು ಗಡಸಾಗಿ ಕೇಳಿಸಲೇ ಇಲ್ಲವೋ ಏನೋ.

ಕೇಸರಬಾಯಿ ನನಗೆ ಪ್ರಿಯರಾದರು ಎಂದು ಬರೆದರೆ ಪೂರ್ತಿ ನಿಜವಾಗುವುದಿಲ್ಲ. ಬೇಸರವಾದ ಸಂಜೆ ಸಮಾಧಾನಕ್ಕೆ ಈಗಲೂ ಕೈ ಹೋಗುವುದು ಕಿರಾಣಾದ ಕಡೆಗೇ. ಇವರನ್ನು ಕೇಳಲು ಬೆನ್ನು ನೆಟ್ಟಗೆ ಮಾಡಿ ಕೂರಬೇಕಾಗುತ್ತದೆ, ಎಲ್ಲ ದಿನ ಅದು ಆಗುವುದಿಲ್ಲ. ಗಂಗೂಬಾಯಿಯವರ ಆ ಮಾತನ್ನು ಭಾಷಣದಲ್ಲಿ ಹೇಳುವುದು ಬಿಟ್ಟಿದ್ದೇನೆ. ಕರೆದವರು ಒಪ್ಪಿದರೆ ಮಾತಿನ ಬದಲು ಮೂರೂವರೆ ನಿಮಿಷದ ಒಂದು ಮಗ್ಗುಲು ಕೇಳಿಸುತ್ತೇನೆ. ಕೆಲವರು ಒಪ್ಪುತ್ತಾರೆ. ಕೆಲವರು, ಸರ್, ಟೈಮ್ ಇಲ್ಲ, ನೀವು ಎರಡು ಮಾತಾಡಿಬಿಡಿ ಅನ್ನುತ್ತಾರೆ.

ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಅಟ್ಟದ ಮೇಲೆ ಇಂಥ ಕಪ್ಪು ತಟ್ಟೆಗಳಿದ್ದರೆ ದಯವಿಟ್ಟು ಸ್ಪಿರಿಟ್ ಹಾಕಿ ಒರೆಸಬೇಡಿ. ಬಡಗಿಗಳು ಪಾಲಿಶಿಗೆಂದು ಅರಗನ್ನು ಕರಗಿಸುವುದು ಅದರಲ್ಲೇ; ಹಾಡಿನ ಗೆರೆಯೇ ಕರಗಿಹೋಗುತ್ತದೆ. ತಣ್ಣೀರಿಗೆ ಒಂದೆರಡು ಹನಿ ಸೋಪು ಹಾಕಿ, ಲೇಬಲ್ಲಿಗೆ ನೀರು ತಾಗದಂತೆ ಮೆತ್ತನೆಯ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ, ನೆರಳಲ್ಲಿ ಆರಿಸಿ. ಒಂದರ ಮೇಲೊಂದು ಹೇರಬೇಡಿ, ಪುಸ್ತಕದಂತೆ ನಿಲ್ಲಿಸಿಡಿ. ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಮುಂಬಯಿಯಲ್ಲಿ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಎಂಬ ಸಂಘವೇ ಇದೆ, ನಮ್ಮ ಊರುಗಳಲ್ಲೂ ಒಬ್ಬಿಬ್ಬರು ಸಂಗ್ರಾಹಕರು ಇದ್ದೇ ಇರುತ್ತಾರೆ. ಗುಜರಿಯವನನ್ನು ಕರೆಯುವ ಮೊದಲು ಅವರನ್ನು ಕೇಳಿ. ಲೇಬಲ್ಲಿನ ಮೇಲೆ ಕೇಸರಬಾಯಿ ಎಂದಿದ್ದರೆ ಮೊದಲು ನನಗೆ ಹೇಳಿ, ಬಂದು ಒಯ್ಯುತ್ತೇನೆ.